ಹಳೇ ಸ್ಟೇಷನ್ನಿನ ಬೋರ್ಡಿನಲ್ಲಿ ಹಳದಿ ಬಣ್ಣದ ಕೆಳಗೆ ಇನ್ನೊಂದು ಬರಹ ಸಿಕ್ಕಿದೆ, ಯಾವುದನ್ನು ಉಳಿಸಬೇಕು?

ಪಾಯಿಂಟ್ಸ್‌ಮನ್ ಮೊಮ್ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಒಂದು ಸಲ ಕೈ ತಪ್ಪಿದರೆ ಮತ್ತೆ ಸರಿ ಮಾಡಲು ಆಗದ ಕೆಲಸ ಇದು. ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ಮೀಟರ್ ಗೇಜ್ ಕಾಲದ ಒಂದು ಪುಟ್ಟ ಸ್ಟೇಷನ್. ಬ್ರಾಡ್ ಗೇಜ್ ಹಳಿ ಬಂದಾಗ ಹೊಸ ಕಟ್ಟಡ ಆಚೆ ಕಡೆ ಎದ್ದಿತು, ಹಳೆಯದು ಹಾಗೇ ನಿಂತುಬಿಟ್ಟಿತು. ಈಗ ಅದನ್ನು ಮೊದಲಿನ ರೂಪಕ್ಕೆ ತಂದು ಜನ ನೋಡುವ ಹಾಗೆ ಇಡಲು ರೈಲ್ವೆಯಿಂದ ಅನುಮತಿ ಸಿಕ್ಕಿದೆ. ನಾವು ಒಂಬತ್ತು ಜನ ರಜೆ ದಿನಗಳಲ್ಲಿ ಹೋಗಿ ಕೆಲಸ ಮಾಡುತ್ತೇವೆ. ಹೆಂಚು, ಮರದ ಕೆಲಸ ಬೇರೆಯವರದು. ನನ್ನ ಪಾಲಿಗೆ ಬಂದಿರುವುದು ಬೋರ್ಡುಗಳು. ನಾನು ಶಾಲೆಯಲ್ಲಿ ಚಿತ್ರಕಲೆ ಟೀಚರ್, ಬ್ರಷ್ ಹಿಡಿದು ಗೊತ್ತು ಅಂತ ಕೊಟ್ಟರು. ನಾನೂ ಬೇಕು ಅಂತಲೇ ಕೇಳಿ ಪಡೆದೆ. ನಮ್ಮ ತಾತ ಇದೇ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಹಾಗೆ ಹಳಿ ತಿರುಗಿಸುವ ಕೆಲಸ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಮೊದಲು ಓದಲು ಕಲಿತ ಪದ ಈ ಬೋರ್ಡಿನ ಮೇಲಿನ ಹೆಸರು ಅಂತ ಅಜ್ಜಿ ಹೇಳುತ್ತಿದ್ದರು. ದಿನಾ ದೀಪ ಹಿಡಿದು ಅದರ ಮುಂದೆ ಓಡಾಡಿ ಓಡಾಡಿ ಅಕ್ಷರ ಕಣ್ಣಿಗೆ ಕೂತಿತಂತೆ.

ಒಟ್ಟು ಏಳು ಬೋರ್ಡುಗಳಿವೆ. ಎರಡು ಪಿಂಗಾಣಿ ಬೋರ್ಡು: ಒಂದರಲ್ಲಿ 'ಹೆಂಗಸರು', ಇನ್ನೊಂದರಲ್ಲಿ 'ಒಳಗೆ ಪ್ರವೇಶವಿಲ್ಲ'. ಹಳಿ ದಾಟಬಾರದು ಅನ್ನುವ ಎರಕದ ಕಬ್ಬಿಣದ ಬೋರ್ಡು ಒಂದು. ಅದರ ತಲೆಯ ಮೇಲೆ 'ಎಂ.ಎಸ್.ಆರ್.' ಅಂತ ಉಬ್ಬು ಅಕ್ಷರ ಇದೆ. ಮರದ ಹಲಗೆ ಮೂರು. ಒಂದರಲ್ಲಿ 'ಮೂರನೇ ತರಗತಿ' ಅಂತ ನೆರಳಿನ ಹಾಗೆ ಕಾಣುತ್ತದೆ, ಉಳಿದದ್ದು ಮಾಸಿದೆ. ಆಮೇಲೆ ಎಲ್ಲಕ್ಕಿಂತ ದೊಡ್ಡದು ಪ್ಲಾಟ್‌ಫಾರಂ ತುದಿಯ ಹೆಸರಿನ ಬೋರ್ಡು. ಹಳೇ ಹಳಿ ತುಂಡುಗಳೇ ಕಂಬ, ನಡುವೆ ಸಿಮೆಂಟ್ ಹಲಗೆ. ಇನ್ನೊಂದು ತುದಿಯಲ್ಲಿ ಬರೀ ಕಂಬಗಳಿವೆ, ಹಲಗೆ ಯಾವಾಗಲೋ ಬಿದ್ದು ಹೋಗಿದೆ.

ನನ್ನ ಪ್ರಶ್ನೆ ಈ ದೊಡ್ಡ ಬೋರ್ಡಿನದು.

ಎಲ್ಲರಿಗೂ ಗೊತ್ತಿರುವ ಹಳದಿ ಬೋರ್ಡೇ ಅದು. ಕಪ್ಪು ಅಕ್ಷರ. ಮೇಲೆ ಕನ್ನಡ, ನಡುವೆ ಹಿಂದಿ, ಕೆಳಗೆ ಇಂಗ್ಲಿಷ್. ತೀರ ಕೆಳಗೆ ಸಮುದ್ರ ಮಟ್ಟದಿಂದ ಎತ್ತರ 886.97 ಮೀಟರ್ ಅಂತ ಇದೆ. ಹದಿನೈದು ದಿನದ ಹಿಂದೆ ಎಡಗಡೆ ಮೂಲೆಯಲ್ಲಿ ಅಂಗೈ ಅಗಲದ ಬಣ್ಣದ ಚಕ್ಕೆ ತಾನಾಗಿ ಬಿಟ್ಟುಕೊಂಡಿತ್ತು. ಒಳಗೆ ನೋಡಿದರೆ ಬಿಳಿ! ಆ ಬಿಳಿಯ ಮೇಲೆ ಕಪ್ಪು ಗೆರೆಯ ಒಂದು ತಿರುವು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹಲಗೆಯ ಉದ್ದಕ್ಕೂ ಬೇರೆ ಅಕ್ಷರಗಳು ಉಬ್ಬಿ ಕಂಡವು. ಎರಡೇ ಸಾಲು, ಕನ್ನಡ ಮತ್ತು ಇಂಗ್ಲಿಷ್. ಇಂಗ್ಲಿಷ್ ಕಾಗುಣಿತವೂ ಬೇರೆ. ಈಗ 'ಎಚ್ ಎ ಎಲ್ ಎಲ್ ಐ' ಅಂತ ಮುಗಿಯುವ ಹೆಸರು ಆಗ 'ಎಚ್ ಯು ಎಲ್ ಎಲ್ ವೈ' ಅಂತ ಮುಗಿದಿದೆ. ಕೆಳಗೆ ಎತ್ತರ ಅಡಿಯಲ್ಲಿದೆ: 29, ಆಮೇಲೆ 1 ಅಥವಾ 7, ಕೊನೆಗೆ 0.

ನಮ್ಮಲ್ಲಿ ಈಗ ಮೂರು ಮಾತು. ಕೆಲವರು ಹಳದಿ ಎಲ್ಲ ಕೆರೆದು ತೀರ ಹಳೆಯದನ್ನೇ ಹೊರಗೆ ತರೋಣ ಅನ್ನುತ್ತಾರೆ. ಜನರ ನೆನಪಿನಲ್ಲಿರುವುದು ಹಳದಿ, ಅದನ್ನೇ ತಿದ್ದೋಣ ಅಂತ ಇನ್ನು ಕೆಲವರು. ಇವೆರಡೂ ತಲೆನೋವು, ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ ಸ್ಟಿಕ್ಕರ್ ಅಂಟಿಸಿದರೆ ಒಂದೇ ದಿನದ ಕೆಲಸ ಅಂತ ಒಬ್ಬರು. ಸ್ಟಿಕ್ಕರ್ ಮಾತು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ, ನಿಜವಾಗಿ.

ಹೆದರಿಕೆಗೆ ಕಾರಣವಿದೆ. ನಾವು ಬರುವ ಮೊದಲು ಯಾರೋ ಕೆಲಸದವರು 'ಹೆಂಗಸರು' ಬೋರ್ಡನ್ನು ತಂತಿ ಬ್ರಷ್ ಸುತ್ತುವ ಮೆಷಿನ್ನಿನಿಂದ ಉಜ್ಜಿದ್ದಾರೆ. ಹೊಳಪೆಲ್ಲ ಹೋಗಿದೆ. 'ಹೆಂ' ಅಕ್ಷರದ ಮೇಲೆ ಗುಂಡಗೆ ಗೀರುಗಳು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಆ ಗೀರಿನಲ್ಲೆಲ್ಲ ಕೊಳೆ ಕೂರುತ್ತದೆ. ಹೀಗೆ ಇನ್ನೊಂದು ಬೋರ್ಡು ನನ್ನ ಕೈಯಿಂದ ಹಾಳಾಗಬಾರದು.

ದೊಡ್ಡ ಬೋರ್ಡಿಗೆ ಏನು ಮಾಡಲಿ? ಆ ಅಂಕಿ 1 ಅಥವಾ 7 ಅಂತ ಹೇಗೆ ತಿಳಿಯುವುದು?

ಹಳೇ ಐಓಡಬ್ಲ್ಯೂ ಉತ್ತರ:

ಅಮ್ಮಾ, ಮೊದಲು ಸುಲಭದ್ದು ಹೇಳಿಬಿಡುತ್ತೇನೆ. ಅದು 1. 2910 ಅಡಿಯನ್ನು 0.3048ರಿಂದ ಗುಣಿಸಿ ನೋಡಿ, 886.97 ಮೀಟರ್ ಬರುತ್ತದೆ. ನಿಮ್ಮ ಹಳದಿ ಬೋರ್ಡಿನ ಅಂಕಿ ಅದೇ. 2970 ಆಗಿದ್ದರೆ 905 ದಾಟಬೇಕಿತ್ತು. ಅಂದರೆ ಮೀಟರ್ ಬಂದಾಗ ಹೊಸದಾಗಿ ಅಳೆದಿಲ್ಲ, ಹಳೇ ಅಡಿಯನ್ನೇ ಲೆಕ್ಕ ಹಾಕಿ ಬರೆದಿದ್ದಾರೆ. ನಿಮ್ಮ ಎರಡು ಪದರಗಳು ಒಂದಕ್ಕೊಂದು ಸಾಕ್ಷಿ ಹೇಳುತ್ತಿವೆ. ಇದೊಂದೇ ಸಾಕು, ಹಳದಿಯನ್ನು ಸುಮ್ನೆ ಕೆರೆದು ಎಸೆಯಬಾರದು ಅನ್ನೋದಕ್ಕೆ.

ನಾನು ವರ್ಕ್ಸ್ ಕಡೆಯವನು. ನಮ್ಮ ಹುದ್ದೆಗೆ ಆಗ ಐ.ಓ.ಡಬ್ಲ್ಯೂ. ಅನ್ನುತ್ತಿದ್ದರು, ಇನ್ಸ್‌ಪೆಕ್ಟರ್ ಆಫ್ ವರ್ಕ್ಸ್. ಸ್ಟೇಷನ್ ಬೋರ್ಡಿಗೆ ಬಣ್ಣ ಹೊಡೆಸುವುದು ನಮ್ಮ ಪಾಲಿನ ಕೆಲಸ. ಹಳೇ ಬಣ್ಣ ಚೆನ್ನಾಗಿ ಹಿಡಿದಿದ್ದರೆ ಯಾರೂ ಕೆರೆಯುತ್ತಿರಲಿಲ್ಲ, ಅದರ ಮೇಲೇ ಹೊಡೆಯುತ್ತಿದ್ದೆವು. ನಿಮ್ಮ ಬಿಳಿ ಪದರ ಉಳಿದದ್ದು ಹಾಗೇ.

ಬೋರ್ಡಿನ ವಯಸ್ಸು ಹಿಡಿಯಲು ನಿಮ್ಮಲ್ಲೇ ಗುರುತುಗಳಿವೆ. ಎಂ.ಎಸ್.ಆರ್. ಅಂದರೆ ಮೈಸೂರ್ ಸ್ಟೇಟ್ ರೈಲ್ವೆ. ಅದು, ಎಂ ಅಂಡ್ ಎಸ್‌ಎಂ (ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ), ಸೌತ್ ಇಂಡಿಯನ್ ರೈಲ್ವೆ ಮೂರೂ ಸೇರಿ 1951ರ ಏಪ್ರಿಲ್ 14ಕ್ಕೆ ಸದರ್ನ್ ರೈಲ್ವೆ ಆಯಿತು. ಆದ್ದರಿಂದ ಆ ಕಬ್ಬಿಣದ ಬೋರ್ಡು ಅದಕ್ಕಿಂತ ಹಳೆಯದು. ಮೂರನೇ ತರಗತಿ ಅನ್ನುವುದನ್ನು ರೈಲ್ವೆ 1974ರಲ್ಲಿ ತೆಗೆದುಹಾಕಿತು, ಆ ಹಲಗೆಯ ಬರಹ ಅದಕ್ಕಿಂತ ಹಿಂದಿನದು. ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ, ಮೀಟರ್ ಬರೆದ ಹಳದಿ ಪದರ ಅದರ ಈಚಿನದು.

ಎತ್ತರದ ಅಂಕಿಯನ್ನು ಈಗ ಜನ ಫೋಟೋಗೆ ನೋಡುತ್ತಾರೆ. ಡಾರ್ಜಿಲಿಂಗ್ ಲೈನಿನ ಘೂಮ್ ಸ್ಟೇಷನ್ನಿನಲ್ಲಿ 7407 ಅಡಿ ಬೋರ್ಡಿನ ಮುಂದೆ ನಿಲ್ಲದ ಪ್ರವಾಸಿ ಇಲ್ಲ. ನಮಗೆ ಅದು ಕೆಲಸದ ಅಂಕಿ. ಈ ಸ್ಟೇಷನ್ನಿನದು, ಮುಂದಿನದು, ಎರಡನ್ನೂ ಕಳೆದರೆ ನಡುವೆ ಎಷ್ಟು ಏರು ಅಂತ ಗೊತ್ತಾಗುತ್ತಿತ್ತು. ನೀವು ಯಾವ ಪದರ ಉಳಿಸಿದರೂ ಆ ಪದರದ ಅಂಕಿಯನ್ನೇ ಉಳಿಸಿ. ಅಡಿಯ ಬೋರ್ಡಿನ ಮೇಲೆ ಮೀಟರ್ ಬರೆಯಬೇಡಿ.

ಕಾಗುಣಿತವೂ ಹಾಗೇ. 2014ರ ನವೆಂಬರ್ 1ಕ್ಕೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಓಡುವ ರೈಲಿನ ಸ್ಟೇಷನ್ನಿಗೆ ಹೊಸ ಹೆಸರೇ ಬೇಕು, ಪ್ರಯಾಣಿಕರು ಇಳಿಯುವ ಜಾಗ ಅದು. ನಿಮ್ಮದರಲ್ಲಿ ರೈಲು ನಿಲ್ಲುವುದಿಲ್ಲ. ಅಲ್ಲಿ ಹಳೇ 'ಹುಲ್ಲಿ' ತಪ್ಪೇನಲ್ಲ. ಆದರೂ ಬರೆಯುವ ಮೊದಲು ಡಿವಿಷನ್ನಿಗೆ ಒಂದು ಕಾಗದ ಹಾಕಿ ಒಪ್ಪಿಗೆ ತಗೊಳ್ಳಿ. ಕಟ್ಟಡಕ್ಕೆ ಕೊಟ್ಟ ಅನುಮತಿ ಬೋರ್ಡಿಗೂ ಆಗುತ್ತೆ ಅಂತ ಅಂದುಕೊಳ್ಳಬೇಡಿ.

ಬೋರ್ಡು ಬರೆಯುವವನು ಉತ್ತರ:

ಮೇಡಂ, ನಾನು ಹದಿನಾಲ್ಕನೇ ವಯಸ್ಸಿಗೆ ಬ್ರಷ್ ಹಿಡಿದವನು. ಅಂಗಡಿ, ಲಾರಿ, ಶಾಲೆ ಗೋಡೆ, ಎಲ್ಲಾ ಬರೆದಿದ್ದೇನೆ. ಸ್ಟೇಷನ್ ಬೋರ್ಡು ಕೂಡ ಐದಾರು ಬರೆದಿದ್ದೇನೆ. ನಿಮ್ಮ ಬರಹ ಓದಿ ಒಂದು ಮಾತು ಕೇಳಬೇಕು ಅನ್ನಿಸಿತು. ಹೆಸರು 'ಹಳ್ಳಿ' ಅಂತ ಮುಗಿಯುತ್ತದೆ ಅಲ್ವಾ? ಬಿಳಿ ಪದರದಲ್ಲಿ ಆ 'ಳ್ಳಿ'ಯ ಒತ್ತು ಹೇಗಿದೆ, ಹಳದಿಯಲ್ಲಿ ಹೇಗಿದೆ, ಎರಡನ್ನೂ ಅಳೆದು ನೋಡಿ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಕನ್ನಡಕ್ಕೆ ಕೆಳಗೆ ಜಾಗ ಬೇಕು. ಇಂಗ್ಲಿಷ್ ದೊಡ್ಡಕ್ಷರ ಗೆರೆಯ ಮೇಲೆ ಕೂತುಬಿಡುತ್ತದೆ. ಹಿಂದಿ ಮೇಲಿನ ಗೆರೆಯಿಂದ ನೇತಾಡುತ್ತದೆ. ಕನ್ನಡದಲ್ಲಿ ತಲೆಕಟ್ಟು ಮೇಲೆ, ಹೊಟ್ಟೆ ನಡುವೆ, ಒತ್ತು ಕೆಳಗೆ. ಒಂದೇ ಸಾಲಿನಲ್ಲಿ ಒಂದೂವರೆ ಸಾಲಿನ ಜಾಗ ತಿನ್ನುತ್ತದೆ. ಎರಡು ಸಾಲಿಗೆ ಅಂತ ಮಾಡಿದ ಹಲಗೆಯ ಮೇಲೆ ಮೂರು ಸಾಲು ಬರೆಯಲು ಹೇಳಿದಾಗ ಪೇಂಟರ್ ಏನು ಮಾಡುತ್ತಾನೆ? ಒತ್ತನ್ನು ಕುಗ್ಗಿಸುತ್ತಾನೆ. ನಾನೂ ಮಾಡಿದ್ದೇನೆ. ಬೇರೆ ದಾರಿ ಇರಲಿಲ್ಲ. ಹಳದಿ ಬೋರ್ಡಿನಲ್ಲಿ ನಿಮ್ಮ ಒತ್ತು ಕಡಲೆಕಾಳಿನಷ್ಟು ಇದ್ದು, ಬಿಳಿಯಲ್ಲಿ ಕೈಕಾಲು ಚಾಚಿ ಕೂತಿದ್ದರೆ ಆಶ್ಚರ್ಯ ಪಡಬೇಡಿ. ಅದು ಹಳಬನ ಕೈ ಚೆನ್ನಾಗಿತ್ತು, ಹೊಸಬನದು ಕೆಟ್ಟದು ಅಂತ ಅಲ್ಲ. ಹಲಗೆ ಅಷ್ಟೇ, ಸಾಲು ಜಾಸ್ತಿ.

ಕಂಪ್ಯೂಟರ್ ಅಕ್ಷರ ಖಂಡಿತ ಬೇಡ. ಅದು ಪುಸ್ತಕದ ಪುಟಕ್ಕೆ ಅಂತ ಮಾಡಿದ ಅಕ್ಷರ. ಹತ್ತಿರದಿಂದ ಓದಲು ಚೆನ್ನ. ಹತ್ತು ಪಟ್ಟು ದೊಡ್ಡದು ಮಾಡಿ ಪ್ಲಾಟ್‌ಫಾರಂ ತುದಿಯಲ್ಲಿ ನಿಲ್ಲಿಸಿದರೆ ತಲೆಕಟ್ಟು ತೆಳ್ಳಗಾಗಿ ಕಾಣುತ್ತದೆ, ಒತ್ತು ಅಕ್ಷರಕ್ಕೆ ಅಂಟಿಕೊಂಡ ಹಾಗಿರುತ್ತದೆ. ನಾವು ಬರೆಯುವಾಗ ದೂರದ ಲೆಕ್ಕ ಹಿಡಿದು ಬರೆಯುತ್ತೇವೆ. 'ಹ'ದ ಒಳಗಿನ ಖಾಲಿ ಜಾಗ ಸ್ವಲ್ಪ ದೊಡ್ಡದೇ ಬಿಡಬೇಕು, ಇಲ್ಲದಿದ್ದರೆ ದೂರದಿಂದ ಮುಚ್ಚಿಹೋದ ಹಾಗೆ ಕಾಣುತ್ತದೆ.

ನೀವು ಮೊದಲು ಮಾಡಬೇಕಾದ್ದು ಅಚ್ಚು ತೆಗೆಯುವುದು. ಬಣ್ಣ ಮುಟ್ಟಬೇಡಿ. ರಾತ್ರಿ ಹೋಗಿ. ಹಲಗೆಯ ಒಂದು ಪಕ್ಕದಲ್ಲಿ ಟಾರ್ಚನ್ನು ಹಲಗೆಗೆ ತಾಗುವಷ್ಟು ಓರೆಯಾಗಿ ಹಿಡಿಸಿ. ಸಂಜೆ ಬಿಸಿಲಿನಲ್ಲಿ ಕಂಡದ್ದರ ನಾಲ್ಕು ಪಟ್ಟು ಕಾಣುತ್ತದೆ. ದೊಡ್ಡ ಟ್ರೇಸಿಂಗ್ ಹಾಳೆ ಅಂಟಿಸಿ ಮೆತ್ತನೆ ಪೆನ್ಸಿಲ್‌ನಲ್ಲಿ ಅಂಚು ಹಿಡಿಯಿರಿ. ಬಲದಿಂದ ಒಮ್ಮೆ, ಎಡದಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಬೆಳಕು ಬಿಡಿ. ಒಂದು ಕಡೆಯಿಂದ ಕಾಣದ ಅಂಚು ಇನ್ನೊಂದು ಕಡೆಯಿಂದ ಕಾಣುತ್ತದೆ. ಹಳಬರು ಸಾಲು ನೇರ ಬರಲು ನೂಲು ಎಳೆದು ಹೊಡೆದ ಮೇಲೆ ಮೊಳೆಯಲ್ಲಿ ಸಣ್ಣ ಗೀರು ಹಾಕುತ್ತಿದ್ದರು. ಅದು ಸಿಕ್ಕರೆ ಬಿಡಬೇಡಿ, ಹಾಳೆಯ ಮೇಲೆ ಗುರುತು ಹಾಕಿ. ಅಕ್ಷರದ ಅಳತೆಯೆಲ್ಲ ಆ ಗೀರಿನಲ್ಲಿರುತ್ತದೆ.

ಆಮೇಲೆ ಆ ಹಾಳೆಯ ಅಂಚಿನ ಉದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಹೊಸ ಹಲಗೆಯ ಮೇಲಿಟ್ಟು, ಇದ್ದಿಲ ಪುಡಿ ಕಟ್ಟಿದ ಬಟ್ಟೆ ಗಂಟನ್ನು ತಟ್ಟುತ್ತಾ ಹೋಗಿ. ಚುಕ್ಕೆ ಚುಕ್ಕೆಯಾಗಿ ಅಕ್ಷರ ಇಳಿಯುತ್ತದೆ. ಬಿಳಿ ನೆಲಕ್ಕೆ ಇದ್ದಿಲು ಸರಿ, ಕಪ್ಪು ನೆಲ ಆಗಿದ್ದರೆ ಚಾಕ್ ಪುಡಿ.

ಎರಕದ ಬೋರ್ಡಿನ ಬಗ್ಗೆ ಎರಡೇ ಮಾತು. ಅದರಲ್ಲಿ ಬಣ್ಣ ಕೂತು ಕೂತು ಅಕ್ಷರದ ಅಂಚು ಗುಂಡಗಾಗಿರುತ್ತದೆ. ನೆಲದ ಬಣ್ಣ ಮೊದಲು ಪೂರ್ತಿ ಹೊಡೆದು ಒಣಗಿಸಿ, ಆಮೇಲೆ ಉಬ್ಬಿದ ತಲೆಗೆ ಮಾತ್ರ ಸಣ್ಣ ರೋಲರ್ ಆಡಿಸಿ. ಬ್ರಷ್ಷಿನಲ್ಲಿ ಮಾಡಲು ಹೋದರೆ ಪಕ್ಕಕ್ಕೆ ಇಳಿಯುತ್ತದೆ.

ದೊಡ್ಡ ಬೋರ್ಡಿಗೆ ನನ್ನ ಅಭಿಪ್ರಾಯ: ಅಚ್ಚು ತೆಗೆದ ಮೇಲೆ ಹಳದಿ ಕೆರೆದು, ಬಿಳಿ ಹೊಡೆದು, ಹಳೇ ಅಕ್ಷರವನ್ನೇ ಮತ್ತೆ ಬರೆಯಿರಿ. ನಿಮ್ಮ ತಾತ ಓದಿದ್ದು ಆ ಅಕ್ಷರ. ಅದು ಬೆಳಕಿಗೆ ಬರಬೇಕು.

ಸುಣ್ಣ-ಗಾರೆ ಉತ್ತರ:

ನಾನು ಹಳೇ ಕಟ್ಟಡಗಳ ಸಂರಕ್ಷಣೆ ಓದಿ ಅದೇ ಕೆಲಸ ಮಾಡುತ್ತಿರುವವಳು. ಪೇಂಟರ್ ಅಣ್ಣ ಹೇಳಿದ ಅಚ್ಚಿನ ವಿಷಯ ನೂರಕ್ಕೆ ನೂರು ಸರಿ. ಒತ್ತಿನ ಮಾತು ನನಗೂ ಹೊಸದು, ಇಷ್ಟು ವರ್ಷ ಬೋರ್ಡು ನೋಡಿಯೂ ಹೊಳೆದಿರಲಿಲ್ಲ. ಆದರೆ ಕೊನೆಯ ಮಾತು ಒಪ್ಪುವುದಿಲ್ಲ ಅಣ್ಣ. ದಯವಿಟ್ಟು ಕೆರೆಯಬೇಡಿ.

ಮೊದಲನೆಯ ಕಾರಣ ಆರೋಗ್ಯ. ಹಳೇ ಹಳದಿ ಬಣ್ಣದಲ್ಲಿ ಕ್ರೋಮ್ ಯೆಲ್ಲೋ ಇರುವ ಸಾಧ್ಯತೆ ಜಾಸ್ತಿ. ಅದು ಲೆಡ್ ಕ್ರೋಮೇಟ್. ಅದರಲ್ಲಿ ಸೀಸವೂ ಇದೆ, ವಿಷದ ಕ್ರೋಮಿಯಮ್ಮೂ ಇದೆ. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಬಣ್ಣವನ್ನೆಲ್ಲ ಸೀಸ ಇದೆ ಅಂತಲೇ ತಿಳಿದು ಮುಟ್ಟಬೇಕು. ಒಣಗಿದ ಬಣ್ಣಕ್ಕೆ ಸ್ಯಾಂಡ್ ಪೇಪರ್ ಹಾಕಬಾರದು, ಬೆಂಕಿ ಹಿಡಿಯಬಾರದು. ನೀರು ಹಾಕಿ ವಾಟರ್ ಪೇಪರಿನಲ್ಲೇ, ಅಂದರೆ ಒದ್ದೆಯಲ್ಲಿ ಉಜ್ಜುವ ಸ್ಯಾಂಡ್ ಪೇಪರಿನಲ್ಲೇ ಉಜ್ಜಬೇಕು. ಸರಿಯಾದ ಮಾಸ್ಕ್ ಬೇಕು, ಮೂಗಿಗೆ ಕಟ್ಟಿದ ಕರ್ಚೀಫ್ ಸಾಲದು. ಚೂರುಗಳನ್ನು ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲೇ ಸುತ್ತಿ ಎತ್ತಿ. ಟೀಚರ್ ಅಂದಿರಿ, ಮಕ್ಕಳನ್ನು ಸಹಾಯಕ್ಕೆ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಆ ದಿನ ಮಾತ್ರ ಖಂಡಿತ ಬೇಡ.

ಎರಡನೆಯದು, ಹಳದಿಯೂ ಇತಿಹಾಸವೇ. ಐಓಡಬ್ಲ್ಯೂ ಸರ್ ತೋರಿಸಿದ್ದು ಅದನ್ನೇ ತಾನೆ? ಮೇಲಿನ ಪದರ ಇಲ್ಲದಿದ್ದರೆ 1 ಅಥವಾ 7 ಅಂತ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಹಳೇ ಸ್ಮಾರಕಗಳನ್ನು ಹೇಗೆ ಉಳಿಸಬೇಕು ಅಂತ ಹೇಳುವ 1964ರ ಅಂತರರಾಷ್ಟ್ರೀಯ ಸನ್ನದು, ವೆನಿಸ್ ಚಾರ್ಟರ್, ನಮ್ಮ ಕೆಲಸಕ್ಕೆ ಮೂಲ. ಊಹೆ ಶುರುವಾದ ಕಡೆ ರಿಪೇರಿ ನಿಲ್ಲಬೇಕು ಅಂತ ಅದರ ಒಂಬತ್ತನೇ ಕಲಂ ಹೇಳುತ್ತದೆ. ಬಿಳಿ ಪದರದಲ್ಲಿ ಒಂದು ಮೂಲೆಯ ಅಂಗೈ ಅಗಲ ಬಿಟ್ಟು ಉಳಿದದ್ದನ್ನು ಯಾರೂ ಕಣ್ಣಾರೆ ನೋಡಿಲ್ಲ. ಕೆರೆಯಲು ಹೋದಾಗ ಬಿಳಿಯೂ ಹಳದಿಯ ಜೊತೆಗೇ ಎದ್ದು ಬಂದರೆ ಏನು ಮಾಡುತ್ತೀರಿ?

ಪದರಗಳನ್ನು ತಿಳಿಯಲು ಒಂದು ರೂಪಾಯಿ ನಾಣ್ಯದಷ್ಟು ಜಾಗ ಸಾಕು. ಅಕ್ಷರ ಇಲ್ಲದ ಅಂಚಿನಲ್ಲಿ, ತೆಳು ವಾಟರ್ ಪೇಪರನ್ನು ಬೆರಳ ತುದಿಗೆ ಸುತ್ತಿ, ನೀರು ಹಾಕಿ ಗುಂಡಗೆ ತಿರುಗಿಸುತ್ತಾ ಹೋಗಿ. ನಡುವೆ ಆಳ, ಅಂಚಿಗೆ ಬರುತ್ತಾ ಮೇಲೆ. ತಟ್ಟೆಯ ಹಾಗೆ ತಗ್ಗಾಗುತ್ತದೆ. ಒದ್ದೆ ಇರುವಾಗ ಭೂತಗನ್ನಡಿ ಹಿಡಿದು ನೋಡಿ, ಮರ ಕೊಯ್ದಾಗ ಕಾಣುವ ಉಂಗುರಗಳ ಹಾಗೆ ಪ್ರತಿ ಬಣ್ಣವೂ ಒಂದೊಂದು ಬಳೆ. ಎಣಿಸಿ, ಫೋಟೋ ತೆಗೆದು ಇಡಿ.

ಎದ್ದಿರುವ ಚಕ್ಕೆಗಳನ್ನು ಕೂರಿಸಲು ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟನ್ನು ಅಸಿಟೋನಿನಲ್ಲಿ ತೆಳುವಾಗಿ ಕರಗಿಸಿ, ಸಣ್ಣ ಬ್ರಷ್ಷಿನಲ್ಲಿ ಚಕ್ಕೆಯ ಅಡಿಗೆ ಬಿಡಿ. ಬೇಕಾದರೆ ಮುಂದೆ ಅಸಿಟೋನಿನಲ್ಲೇ ಬಿಡಿಸಬಹುದು. ಆದರೆ ಇಡೀ ಬೋರ್ಡಿಗೆ ವಾರ್ನಿಷ್ ಹಾಗೆ ಬಳಿಯಬೇಡಿ. ಸುಮಾರು 40 ಡಿಗ್ರಿಗೆ ಅದು ಮೆತ್ತಗಾಗುತ್ತದೆ, ಬಿಸಿಲಿಗೆ ನಿಂತ ಬೋರ್ಡಿನ ಮೇಲೆ ಧೂಳೆಲ್ಲ ಅಂಟಿಕೊಳ್ಳುತ್ತದೆ. ಹಲಗೆಯ ನೆತ್ತಿಯಲ್ಲಿ ಬಿರುಕು ಇದೆಯಾ ನೋಡಿ. ಅಲ್ಲಿಂದ ನೀರು ಇಳಿದರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ ಸಿಮೆಂಟನ್ನೇ ಸಿಡಿಸುತ್ತದೆ. ಬಣ್ಣಕ್ಕಿಂತ ಮೊದಲು ಅದನ್ನು ಮುಚ್ಚಬೇಕು.

ಪಿಂಗಾಣಿ ಬೋರ್ಡಿನ ವಿಷಯ ಓದಿ ಬೇಜಾರಾಯಿತು. ಅದು ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಕಬ್ಬಿಣದ ತಗಡಿನ ಮೇಲೆ ಸುಮಾರು 800 ಡಿಗ್ರಿಯಲ್ಲಿ ಕರಗಿಸಿ ಕೂರಿಸಿರುತ್ತಾರೆ. ಹೋದ ಹೊಳಪು ಬರುವುದಿಲ್ಲ. ಮೃದು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮೈಕ್ರೋಕ್ರಿಸ್ಟಲೈನ್ ಮೇಣ ತೆಳುವಾಗಿ ಸವರಿ. ಗೀರಿನಲ್ಲಿ ಕೊಳೆ ಕೂರುವುದು ಕಮ್ಮಿಯಾಗುತ್ತದೆ. ಮೊಳೆ ತೂತಿನ ಸುತ್ತ ಗಾಜು ಎದ್ದಿರುತ್ತದೆ, ಮತ್ತೆ ಹಾಕುವಾಗ ಸ್ಕ್ರೂ ಕೆಳಗೆ ಮೆತ್ತನೆ ವಾಷರ್ ಇಡಿ, ಬಿಗಿ ಮಾಡಬೇಡಿ.

ಇನ್ನೊಂದು ವಿಷಯ. ಬ್ರಿಟನ್ನಿನಲ್ಲಿ 1948ರಲ್ಲಿ ರೈಲ್ವೆ ಸರ್ಕಾರದ ಕೈಗೆ ಬಂದಾಗ ಆರು ವಿಭಾಗಕ್ಕೆ ಆರು ಬಣ್ಣ ಕೊಟ್ಟರು. ಪಶ್ಚಿಮಕ್ಕೆ ಕಂದು, ದಕ್ಷಿಣಕ್ಕೆ ಹಸಿರು, ಸ್ಕಾಟ್ಲೆಂಡಿಗೆ ತಿಳಿ ನೀಲಿ, ಹೀಗೆ. ಇವತ್ತು ಅಲ್ಲಿ ಹಳೇ ಸ್ಟೇಷನ್ ಉಳಿಸುವವರು ಒಂದು ಕಾಲವನ್ನು ಆರಿಸಿಕೊಂಡು ಬೋರ್ಡು, ದೀಪ, ಬೆಂಚು ಎಲ್ಲವನ್ನೂ ಅದಕ್ಕೇ ಹೊಂದಿಸಲು ನೋಡುತ್ತಾರೆ. ನಿಮ್ಮ ಸ್ಟೇಷನ್ ಯಾವ ಕಾಲದ್ದು ಅಂತ ಒಂಬತ್ತು ಜನ ಕೂತು ಮೊದಲು ತೀರ್ಮಾನ ಮಾಡಿ. ಬೋರ್ಡಿನ ಪ್ರಶ್ನೆ ಅರ್ಧ ಅಲ್ಲೇ ಮುಗಿಯುತ್ತದೆ.

ಪಾಯಿಂಟ್ಸ್‌ಮನ್ ಮೊಮ್ಮಗಳು ಉತ್ತರ:

ಮೂವರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಎರಡು ರಾತ್ರಿ ಟಾರ್ಚ್ ಹಿಡಿದು ಕೂತೆವು. ಪೇಂಟರ್ ಅಣ್ಣಾ, ಮೊಳೆಯ ಗೀರು ಸಿಕ್ಕಿತು! ತಲೆಕಟ್ಟಿನ ಮೇಲೊಂದು, ಹೊಟ್ಟೆಯ ಕೆಳಗೊಂದು, ಒತ್ತಿನ ಅಡಿಗೆ ಮೂರನೆಯದು. ಒತ್ತಿಗೆ ಅಂತಲೇ ಅವರು ಬೇರೆ ಗೆರೆ ಹಾಕಿಕೊಂಡಿದ್ದಾರೆ. ಅಳತೆ ನೀವು ಹೇಳಿದ ಹಾಗೇ ಬಂತು. ಹಳದಿಯಲ್ಲಿ ಒತ್ತು ಎರಡು ಇಂಚಿಗಿಂತ ಕಮ್ಮಿ, ಬಿಳಿಯಲ್ಲಿ ನಾಲ್ಕು ಇಂಚು. ಅದರ ಬಾಲ ಬಲಕ್ಕೆ ತಿರುಗಿ ಕೆಳಗಿನ ಇಂಗ್ಲಿಷ್ ಸಾಲಿನ ಎರಡು ಅಕ್ಷರಗಳ ನಡುವೆ ಇಳಿದಿದೆ. ಆ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಸ್ವಲ್ಪ ದೂರ ಸರಿಸಿ ಬರೆದಿದ್ದಾರೆ. ಕನ್ನಡದ ಬಾಲಕ್ಕೆ ಜಾಗ ಬಿಟ್ಟು ಇಂಗ್ಲಿಷ್ ಬರೆದ ಆ ಕೈಯನ್ನು ನೆನೆದು ನಾನು ಅಲ್ಲೇ ಸ್ವಲ್ಪ ಹೊತ್ತು ಪೆನ್ಸಿಲ್ ಕೆಳಗಿಟ್ಟೆ.

ತಟ್ಟೆ ತಗ್ಗನ್ನೂ ಮಾಡಿದೆವು. ಬಿಳಿಯ ಮೇಲೆ ಐದು ಹಳದಿ ಬಳೆಗಳು. ಬಿಳಿಯ ಕೆಳಗೆ ನೇರ ಸಿಮೆಂಟ್, ಅಂದರೆ ಅದೇ ಮೊದಲನೆಯದು. ನೆತ್ತಿಯಲ್ಲಿ ಬಿರುಕು ಇತ್ತು, ತುಂಬಿಸಿದ್ದೇವೆ.

ತೀರ್ಮಾನ ಹೀಗಾಯಿತು. ಈ ಬೋರ್ಡನ್ನು ಕೆರೆಯುವುದಿಲ್ಲ. ಚಕ್ಕೆ ಕೂರಿಸಿ ಹಳದಿಯನ್ನು ಹಾಗೇ ಉಳಿಸುತ್ತೇವೆ. ಮೂಲೆಯಲ್ಲಿ ತಾನಾಗಿ ತೆರೆದ ಅಂಗೈ ಅಗಲದ ಬಿಳಿಯನ್ನೂ ಮುಚ್ಚುವುದಿಲ್ಲ. ಇನ್ನೊಂದು ತುದಿಯಲ್ಲಿ ಖಾಲಿ ಕಂಬ ಇದೆ ಅಂದಿದ್ದೆನಲ್ಲ, ಅಲ್ಲಿಗೆ ಅದೇ ಅಳತೆಯ ಹೊಸ ಹಲಗೆ ಎರಕ ಹಾಕಿಸಿ ಬಿಳಿ ಬೋರ್ಡನ್ನು ಬರೆಯುತ್ತೇವೆ. ಎರಡೇ ಸಾಲು, 'ಹುಲ್ಲಿ' ಕಾಗುಣಿತ, 2910 ಅಡಿ. ಹಿಂಬದಿಯಲ್ಲಿ ಇದು ಈ ವರ್ಷ ಅಚ್ಚು ತೆಗೆದು ಬರೆದದ್ದು ಅಂತ ಸಣ್ಣದಾಗಿ ಬರೆದಿಡುತ್ತೇವೆ. ಡಿವಿಷನ್ನಿಗೆ ಕಾಗದ ಹೋಗಿ ಒಪ್ಪಿಗೆ ಬಂತು.

ಸುಣ್ಣ-ಗಾರೆ ಮೇಡಂ, ಒಂದೇ ಕಾಲಕ್ಕೆ ಹೊಂದಿಸಿ ಅಂದಿರಿ. ಇದರಲ್ಲಿ ಎರಡು ಕಾಲ ಆಯಿತು, ಗೊತ್ತು. ತುಂಬಾ ಯೋಚಿಸಿದೆ. ಪ್ಲಾಟ್‌ಫಾರಂನ ಈ ತುದಿಯಿಂದ ಆ ತುದಿಗೆ ನಡೆದವರಿಗೆ ಒಂದೇ ಹೆಸರು ಎರಡು ರೀತಿ ಕಾಣಲಿ ಅನ್ನುವುದು ನನ್ನ ಆಸೆ. ಕಟ್ಟಡದೊಳಗಿನ ಬೋರ್ಡುಗಳನ್ನೆಲ್ಲ 1974ಕ್ಕಿಂತ ಹಿಂದಿನ ಕಾಲಕ್ಕೇ ಹೊಂದಿಸುತ್ತಿದ್ದೇವೆ, ಅಲ್ಲಿ ನಿಮ್ಮ ಮಾತು ಮೀರಿಲ್ಲ.

ಸ್ಟಿಕ್ಕರ್ ಹೇಳಿದವರೇ ಈಗ ಟಾರ್ಚ್ ಹಿಡಿಯುವವರು.

ಈ ಭಾನುವಾರ ಅಚ್ಚು ಇಳಿಸುತ್ತೇವೆ. ಮುಂದಿನ ಭಾನುವಾರ ಅಕ್ಷರ. ಅಣ್ಣಾ, ಗೆರೆಯ ದಪ್ಪ ಒಂದೂ ಕಾಲು ಇಂಚು ಇದೆ. ನನ್ನ ಹತ್ತಿರ ಮುಕ್ಕಾಲು ಇಂಚಿನ ಫ್ಲಾಟ್ ಬ್ರಷ್ ಇದೆ. ಅದರಲ್ಲಿ ಆಗುತ್ತಾ?

ಬೋರ್ಡು ಬರೆಯುವವನು ಉತ್ತರ:

ಮೂರನೇ ಗೆರೆ ಹಾಕಿಕೊಂಡಿದ್ದಾನೆ ಅಂದರೆ ಆತ ಕೆಲಸ ಬಲ್ಲವನು. ಸುಣ್ಣ-ಗಾರೆ ತಂಗಿ ಹೇಳಿದ್ದೇ ಸರಿ ಆಯಿತು ಬಿಡಿ. ಖಾಲಿ ಕಂಬದ ವಿಷಯ ನಾನು ಸರಿಯಾಗಿ ಓದಿರಲಿಲ್ಲ.

ಮುಕ್ಕಾಲು ಇಂಚಿನಲ್ಲಿ ಆಗುತ್ತದೆ, ಒಂದೇ ಎಳೆತದಲ್ಲಿ ಆಗಲ್ಲ ಅಷ್ಟೇ. ಮೊದಲು ಹೊರ ಅಂಚು ಎಳೆಯಿರಿ, ಆಮೇಲೆ ಒಳ ಅಂಚು. ಎರಡೂ ಹಸಿ ಇರುವಾಗಲೇ ನಡುವೆ ಒಮ್ಮೆ ಎಳೆದು ಸೇರಿಸಿ, ಇಲ್ಲದಿದ್ದರೆ ಗೆರೆ ಉಳಿಯುತ್ತದೆ. ಬಣ್ಣಕ್ಕೆ ಟರ್ಪೆಂಟೈನ್ ಜಾಸ್ತಿ ಹಾಕಬೇಡಿ, ಸೋರುತ್ತದೆ. ಹಲಗೆ ಹೊಸದಾಗಿ ಎರಕ ಹಾಕಿಸಿದ್ದು ಅಂದಿರಿ, ಸಿಮೆಂಟ್ ಒಳಗೆ ಹಸಿ ಇದ್ದರೆ ಬಣ್ಣ ಹಿಡಿಯಲ್ಲ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ರಾತ್ರಿ ಅಂಟಿಸಿಡಿ. ಬೆಳಿಗ್ಗೆ ಒಳಗೆ ನೀರಿನ ಹನಿ ಕಂಡರೆ ಭಾನುವಾರದ ಕೆಲಸ ಮುಂದಕ್ಕೆ ಹಾಕಿ.

ಒತ್ತಿನ ಬಾಲ ಬರೆಯುವಾಗ ಮಾತ್ರ ಅರ್ಧ ಇಂಚಿನ ಬ್ರಷ್ ತಗೊಳ್ಳಿ. ತುದಿಗೆ ಬರುತ್ತಾ ಬ್ರಷ್ಷನ್ನು ಬೆರಳಲ್ಲಿ ಹೊರಳಿಸುತ್ತಾ ಎತ್ತಬೇಕು. ಮೊದಲು ಹಳೇ ಪೇಪರಿನ ಮೇಲೆ ಇಪ್ಪತ್ತು ಸಲ ಬರೆದು ನೋಡಿ.